ಗುಡ್ಡ ಯಾವ ವಿಭಾಗಕ್ಕೆ ಸೇರಿದ್ದು?

ಮಾನ್ಯರೇ,

‘ಬೆಟ್ಟ ನಡೆಯದು, ಹೊಳೆ ನಿಲ್ಲದು’ ಎಂದು ಶುರುವಾಗುವ ಪದ್ಯವೊಂದನ್ನು ಎಲ್ಲಿಯೋ ಓದಿದ್ದೆ. ಯಾರು ಬರೆದದ್ದೋ ನೆನಪಿಲ್ಲ. ಮುಂದಿನ ಸಾಲು ನಾಲಿಗೆಯ ತುದಿಗೆ ಬಂದು ಹಿಂದಿರುಗುತ್ತದೆ. ‘ನಡೆಯದು’ ಎಂದಿತ್ತೋ ‘ಕದಲದು’ ಎಂದಿತ್ತೋ, ಅದೂ ಅನುಮಾನ. ಬರೆದವರು ನಮ್ಮ ಸೀಮೆಯವರಲ್ಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಸಂಡೂರಿನ ಬೆಟ್ಟ ದಿನವೂ ಅದಿರಾಗಿ ಲಾರಿ ಹತ್ತಿ ನಮ್ಮ ಹೊಸಪೇಟೆಯ ರಸ್ತೆಯಲ್ಲೇ ಹೋಗುತ್ತದೆ. ಹೊಳೆ ಅಣೆಕಟ್ಟಿನ ಹಿಂದೆ ನಿಂತು, ಕಾಲುವೆಗೆ ಬಿಡುವ ದಿನವನ್ನು ಕಾಯುತ್ತದೆ. ಇಂಥ ಸೀಮೆಯಲ್ಲಿ ಪರಿಸರ ಅಧಿಕಾರಿಯ ಹುದ್ದೆಗೆ ಭೂಗೋಳ ಓದಿದವರು ಅರ್ಜಿ ಹಾಕುವಂತಿಲ್ಲ ಎಂದು ತಾವು ಮತ್ತೊಮ್ಮೆ ಪ್ರಕಟಿಸಿದ್ದೀರಿ. ಅರ್ಹತೆಯ ಆ ಒಂದು ಸಾಲನ್ನು ಬರೆಯುವ ಅಧಿಕಾರ ತಮ್ಮ ಕುರ್ಚಿಗಿದೆ ಎಂದು ತಿಳಿದದ್ದರಿಂದ ಈ ಪತ್ರ ತಮಗೆ.

ನಾನು ಇಲ್ಲಿನ ಪದವಿ ಕಾಲೇಜೊಂದರಲ್ಲಿ ಭೂಗೋಳ ಕಲಿಸುವವಳು. ನನ್ನ ಹತ್ತಿರ ಓದಿದ ಐಶ್ವರ್ಯ ಕಂಪ್ಲಿಯವಳು. ಬಿ.ಎ. ಓದುವಾಗಲೇ ಕಾಲುವೆಯ ಕೊನೆಯ ಗದ್ದೆಗಳಲ್ಲಿ ಬೆಳ್ಳಗೆ ಉಪ್ಪಿನ ಸವುಳು ಏಕೆ ಏಳುತ್ತದೆ ಎಂದು ಮನೆಮನೆ ಕೇಳಿಕೊಂಡು ಬಂದು ಬರೆದವಳು. ಎಂ.ಎ. ಪ್ರಬಂಧಕ್ಕೆ ಸಂಡೂರು ಸೀಮೆಯ ಯಶವಂತನಗರದ ಮೇಲಿನ ಗಣಿಗುಡ್ಡವನ್ನು ಆರಿಸಿಕೊಂಡು ಎರಡು ಮಳೆಗಾಲ ಅಲ್ಲಿ ತಿರುಗಾಡಿದಳು. ಹಿಂದಿನ ಸಲ ತಾವು ಇದೇ ಹುದ್ದೆಗೆ ಅರ್ಜಿ ಕರೆದಾಗ, ಎಂ.ಎ. ಪ್ರಮಾಣಪತ್ರವನ್ನೂ ಆ ಪ್ರಬಂಧವನ್ನೂ ಹಿಡಿದು ತಮ್ಮ ಕಚೇರಿಯ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಳು. ಅಲ್ಲಿ ಗುಮಾಸ್ತರೊಂದಿಗೆ ನಡೆದ ಸಂಭಾಷಣೆಯನ್ನು ಅವಳು ನನಗೆ ಅಭಿನಯಿಸಿಯೇ ತೋರಿಸಿದ್ದಾಳೆ.

“ಏನವಾ, ಇದು ಆರ್ಟ್ಸ್ ಅಲ್ಲೇನು?”

“ಭೂಗೋಳ ರೀ ಸರ್.”

“ಅದಾ ಮತ್ತ, ಆರ್ಟ್ಸು. ಪರಿಸರ ಅಂದ್ರ ಸೈನ್ಸು. ನೀ ಬಿ.ಎಡ್. ಮಾಡಿ ಟೀಚರ್ ಆಗು, ಮಸ್ತ್ ಇರ್ತೈತಿ.”

“ಸರ್, ಗುಡ್ಡ ಆರ್ಟ್ಸೋ ಸೈನ್ಸೋ?”

“ಗುಡ್ಡ ಗೌರ್ಮೆಂಟಿಂದು. ಮುಂದಿನವರು ಬರ್ರಿ!”

ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ತಾವು ಬರೆದದ್ದನ್ನು ಅವರು ಓದಿ ಹೇಳಿದರು, ತಮಗಿಂತ ಸ್ವಲ್ಪ ಹಾಸ್ಯವಾಗಿ. ಮುಂದೆ ನಡೆದದ್ದು ಇನ್ನೂ ಹಾಸ್ಯ. ಅಧಿಕಾರಿಯಾಗಲು ಅನರ್ಹಳಾದ ಹುಡುಗಿಯನ್ನು ಅದೇ ಕಚೇರಿ ಕೆಲವೇ ದಿನಗಳಲ್ಲಿ ಹೊರಗುತ್ತಿಗೆಯ ಮೇಲೆ ಡೇಟಾ ಎಂಟ್ರಿ ಆಪರೇಟರ್ ಎಂದು ಕರೆಸಿಕೊಂಡಿತು. ಕೆಲಸ ಯಾವುದು? ಅಧಿಕಾರಿಗಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆದುಕೊಡುವುದು. ನಕ್ಷೆ ಬರೆಯುವ ಕೈಗೆ ಅರ್ಹತೆ ಬೇಡ, ಅದರ ಕೆಳಗೆ ಸಹಿ ಮಾಡುವ ಕೈಗೆ ಬೇಕು. ಇದನ್ನು ಯಾವ ವಿಭಾಗದ ತರ್ಕ ಎನ್ನೋಣ?

ತಮಗೆ ಯಾರೂ ಹೇಳಿರಲಾರರು, ಆದ್ದರಿಂದ ಭೂಗೋಳ ಪದವಿ ಏನು ಕಲಿಸುತ್ತದೆ ಎಂದು ನಾನೇ ಹೇಳುತ್ತೇನೆ. ನಾವು ಇಳಿಜಾರನ್ನು ಓದಲು ಕಲಿಸುತ್ತೇವೆ. ಬಿದ್ದ ಮಳೆ ಯಾವ ದಾರಿ ಹಿಡಿಯುತ್ತದೆ, ಎಲ್ಲಿಂದ ಮಣ್ಣು ಎತ್ತಿಕೊಂಡು ಯಾರ ಹೊಲದಲ್ಲಿ ಇಳಿಸುತ್ತದೆ ಎಂದು ನೋಡಲು ಕಲಿಸುತ್ತೇವೆ. ಉಪಗ್ರಹದ ಚಿತ್ರದಲ್ಲಿ ಇದು ಜೋಳ, ಇದು ಪಾಳು, ಇದು ಕುರುಚಲು ಕಾಡು ಎಂದು ಗುರುತು ಹಾಕಿಸುತ್ತೇವೆ. ಆಮೇಲೆ ಆ ಜಾಗಕ್ಕೆ ನಡೆದುಹೋಗಿ, ಅಲ್ಲಿರುವವರನ್ನು ಕೇಳಿ, ಹಾಕಿದ ಗುರುತು ತಪ್ಪಾಗಿದ್ದರೆ ತಿದ್ದಿಕೊಂಡು ಬಾ ಎನ್ನುತ್ತೇವೆ. ಪರಿಸರದ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇದೆಯೇ ಎಂದು ನನಗೆ ಗೊತ್ತಿಲ್ಲ.

ಕಲಿಸದೇ ಇರುವುದೂ ಇದೆ. ಗಾಳಿಯ ದೂಳನ್ನು, ನೀರಿನ ಲೋಹವನ್ನು ಪ್ರಯೋಗಾಲಯದಲ್ಲಿ ಅಳೆಯಲು ನಮ್ಮ ಮಕ್ಕಳಿಗೆ ಬರುವುದಿಲ್ಲ. ವಿಶ್ವವಿದ್ಯಾಲಯಗಳೂ ತಮ್ಮಷ್ಟೇ ನಿದ್ದೆಯಲ್ಲಿವೆ. ನಮ್ಮ ವಿಭಾಗದಲ್ಲಿರುವ ಟೋಪೋಶೀಟ್, ಅಂದರೆ ಏರುತಗ್ಗುಗಳನ್ನು ಗೆರೆಗಳಲ್ಲಿ ತೋರಿಸುವ ನಕ್ಷೆ, ಹಿಮಾಲಯದ ತಪ್ಪಲಿನ ಯಾವುದೋ ಊರಿನದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳು ತಲೆತಗ್ಗಿಸಿ, ಎಂದೂ ಕಾಣದ ಆ ಬೆಟ್ಟದ ಏರಿಳಿತ ಬರೆಯುತ್ತಾರೆ. ಕಿಟಕಿಯಾಚೆ ಕಾಣುವ ಗುಡ್ಡ ಬೋಳಾಗುತ್ತಿರುವುದರ ಬಗ್ಗೆ ಪ್ರಶ್ನೆ ಬರುವುದಿಲ್ಲ. ಹೀಗೆ ಓದಿ ಬಂದವರಲ್ಲಿ ಕೆಲವರು ಹಂಪಿಯಲ್ಲಿ ಪ್ರವಾಸಿಗರಿಗೆ ಬಂಡೆ ತೋರಿಸುತ್ತಿದ್ದಾರೆ, ಕೆಲವರು ಗಣಿ ಕಂಪನಿಯ ಬಸ್ಸುಗಳ ಹಾಜರಿ ನೋಡಿಕೊಳ್ಳುತ್ತಿದ್ದಾರೆ. ರಸಾಯನಶಾಸ್ತ್ರದವರು ತಮ್ಮ ಕಚೇರಿಗೆ ಬರಲಿ, ಎಂಜಿನಿಯರುಗಳೂ ಬರಲಿ. ಗೋಡೆ ಕಟ್ಟುವವರು ಬೇಡವೆಂದವರು ಯಾರು? ಎಲ್ಲಿ ಕಟ್ಟಬೇಕು ಎಂದು ಹೇಳುವವರೂ ಒಬ್ಬರು ಇರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಕೇಳಲು ಕಾರಣವಿದೆ. ತಮ್ಮ ಕಚೇರಿ ಆಯ್ಕೆ ಮಾಡಿದ ಅಧಿಕಾರಿ ಕಿರಣ್ ಕುಮಾರ್ ಎಂಜಿನಿಯರಿಂಗ್ ಓದಿದ ಹುಡುಗ, ಒಳ್ಳೆಯವನು. ಗಣಿಯ ಕೆಂಪು ಕೆಸರು ಕೆಳಗಿನ ಜೋಳದ ಹೊಲಗಳಿಗೆ ಇಳಿಯದಂತೆ ಯಶವಂತನಗರದ ಮೇಲೆ ಒಂದು ಚೆಕ್ ಡ್ಯಾಂ ಕಟ್ಟಿಸಿದ. ಮಳೆ ಚೆನ್ನಾಗಿಯೇ ಬಂತು. ಚೆಕ್ ಡ್ಯಾಂಗೆ ಮಾತ್ರ ಒಂದು ಹನಿ ಬರಲಿಲ್ಲ. ಕೆಸರೆಲ್ಲ ಗುಡ್ಡದ ಇನ್ನೊಂದು ಮಗ್ಗುಲಿಗೆ ಇಳಿದು, ಯಾರೂ ಎಣಿಸಿರದ ಹೊಲಗಳಲ್ಲಿ ಕುಳಿತಿತು. ಅವನು ದುರಹಂಕಾರವಿಲ್ಲದೆ ಐಶ್ವರ್ಯಳ ಮೇಜಿಗೆ ಬಂದು ಕೇಳಿದನಂತೆ: “ಮೇಡಂ, ಗೋಡೆ ಗಟ್ಟಿ ಐತಿ, ಒಂದು ಬಿರುಕಿಲ್ಲ. ನೀರ ಬರವಲ್ದು. ಯಾಕಂತೀರಿ?”

ಇಬ್ಬರೂ ಜೀಪಿನಲ್ಲಿ ಗುಡ್ಡಕ್ಕೆ ಹೋದರು. ಅವಳು ಗಣಿಯವರು ಸುರಿದ ಮಣ್ಣಿನ ರಾಶಿಯ ಮೇಲೆ ನಿಂತು ಕೈ ತೋರಿಸಿದಳು. “ನೀವು ಹಳೇ ನಕ್ಷೆ ನೋಡಿ ಕಟ್ಟೀರಿ. ಆಗ ಈ ರಾಶಿ ಇರಲಿಲ್ಲ, ಆ ಕಡೆ ಗುಡ್ಡದ ನೆತ್ತಿ ಇತ್ತು. ಈಗ ನೆತ್ತಿ ಹೋಗೇತಿ, ರಾಶಿ ಬಂದೈತಿ. ನೀರು ಇದನ್ನ ಹತ್ತಿ ಇಳಿದು ನಿಮ್ಮ ಗೋಡಿ ಹುಡುಕ್ಕೊಂಡು ಬರ್ತೈತೇನ್ರಿ?”

“ಹಂಗಾದ್ರ ನಾ ಕಟ್ಟಿದ್ದು ಏನ್ರೀ?”

“ಹರಟಿಕಟ್ಟಿ. ಸಂಜಿಮುಂದ ಕುಂದ್ರಾಕ ಭಾಳ ಚಲೋ ಐತಿ.”

ಅವನು ನಕ್ಕನಂತೆ. ನನಗೆ ನಗು ಬರಲಿಲ್ಲ. ಅವಳು ಅಲ್ಲಿ ಹೇಳಿದ್ದೆಲ್ಲ ಅವಳ ಎಂ.ಎ. ಪ್ರಬಂಧದಲ್ಲಿಯೇ ಇತ್ತು. ಬೆಟ್ಟ ನಡೆದರೆ ಹೊಳೆಯೂ ದಾರಿ ಬದಲಿಸುತ್ತದೆ ಎಂಬುದನ್ನು ಅವಳು ಮಳೆಯಲ್ಲಿ ನೆನೆದು ಕಂಡುಕೊಂಡಿದ್ದಳು. ಪರಿಶೀಲನೆಯ ಮೇಜಿನ ಮೇಲೆ ಅದನ್ನು ಬಿಡಿಸಿ ನೋಡಿದ್ದರೆ ಆ ಗೋಡೆ ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು. ಒಂದಿಷ್ಟು ಜನರ ಜೋಳ ಉಳಿಯುತ್ತಿತ್ತು. ಅನರ್ಹರು ಯಾರು, ಮಾನ್ಯರೇ? ಅವಳೋ, ಅವಳನ್ನು ಹೊರಗಿಟ್ಟ ಆ ಸಾಲೋ?

ಈಗ ಅದೇ ಹುದ್ದೆಗೆ ತಮ್ಮ ಹೊಸ ಪ್ರಕಟಣೆ ಬಂದಿದೆ. ಅದೇ ಸಾಲು, ಒಂದಕ್ಷರ ಬದಲಾಗಿಲ್ಲ. ಬೆಟ್ಟವೇ ಜಾಗ ಬಿಟ್ಟು ಹೋದರೂ ತಮ್ಮ ಸಾಲು ಕದಲುವುದಿಲ್ಲ. ಆ ಪದ್ಯ ಬರೆದವರು ತಮ್ಮ ಕಚೇರಿಯನ್ನು ನೋಡಿಯೇ ಬರೆದಿರಬೇಕೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಐಶ್ವರ್ಯಳಿಗೆ ಇದು ಕೊನೆಯ ಅವಕಾಶ. ಬರುವ ವರ್ಷ ಅವಳ ವಯಸ್ಸು ತಮ್ಮ ಮಿತಿಯನ್ನು ದಾಟುತ್ತದೆ. ಆಮೇಲೆ ಅವಳು ಬೇರೆಯವರ ಸಹಿಗಾಗಿ ನಕ್ಷೆ ಬರೆಯುತ್ತಲೇ ಇರಬೇಕು, ಇಲ್ಲವೇ ಅದನ್ನೂ ಬಿಡಬೇಕು. ಹೋದ ಭಾನುವಾರ ನಮ್ಮ ಮನೆಗೆ ಬಂದವಳು ಚಹಾ ಆರುವವರೆಗೂ ಲೋಟ ಮುಟ್ಟಲಿಲ್ಲ. “ಬಿ.ಎಡ್. ಮಾಡ್ಲೇನ್ರೀ ಮೇಡಂ?” ಎಂದಳು. ಆ ಪ್ರಶ್ನೆ ಅಂದಿನಿಂದ ನನ್ನ ಜೊತೆ ಮನೆಯೆಲ್ಲ ಓಡಾಡುತ್ತಿದೆ.

ನನ್ನ ಬೇಡಿಕೆ ಸರಳ. ಅರ್ಜಿಯ ಅವಧಿ ಮುಗಿಯುವ ಮುನ್ನ ಅರ್ಹತೆಯಲ್ಲಿ ‘ಭೂಗೋಳ’ ಎಂಬ ಒಂದು ಪದ ಸೇರಿಸಿ. ಕೆಲಸ ಕೊಡಿ ಎನ್ನುತ್ತಿಲ್ಲ, ಪರೀಕ್ಷೆಗೆ ಕೂರಲು ಬಿಡಿ. ಆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೋಣೆಯ ಹೊರಗೆ ಕೇಳಿ. ಎಲ್ಲ ವಿಭಾಗದವರನ್ನೂ ಆ ಗುಡ್ಡಕ್ಕೆ ಕರೆದೊಯ್ದು, ಮಳೆ ಬಂದರೆ ನೀರು ಎತ್ತ ಹೋಗುತ್ತದೆ ಎಂದು ಕೇಳಿ. ಕೂರಲು ಕಟ್ಟೆಯಂತೂ ಸಿದ್ಧವಿದೆ.

ಇಂತಿ,
ತಮ್ಮ ಪ್ರಕಾರ ಪರಿಸರಕ್ಕೆ ಸಂಬಂಧಪಡದ,
ರೇಣುಕಾದೇವಿ, ಎಂ.ಎ. (ಭೂಗೋಳ)
ಹೊಸಪೇಟೆ

ತಾ.ಕ.: ಈ ಪತ್ರ ಮಡಿಸುತ್ತಿದ್ದಾಗ ಪಕ್ಕದ ಮನೆಯ ಹಂಪಮ್ಮ ಬಾಗಿಲಿಗೆ ಬಂದರು. ಅವರ ಮಗಳು ಸುಮಲತಾ ಪಿ.ಯು.ಸಿ. ಮುಗಿಸಿ, ಬಿ.ಎ.ಯಲ್ಲಿ ಭೂಗೋಳವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಒಳಗೆ ಬರ್ರಿ ಎಂದೆ, ಬರಲಿಲ್ಲ. ಯಾರಿಗೆ ಬರೆಯುತ್ತಿದ್ದೀರಿ ಎಂದು ಕೇಳಿದರು, ಹೇಳಿದೆ. ಹೊಸ್ತಿಲಾಚೆ ನಿಂತೇ ಅವರೆಂದದ್ದು ಇಷ್ಟು: “ಹಂಗಾದ್ರ ಇದನ್ನೂ ಬರೀರಿ ಮೇಡಂ. ನಿಮ್ಮ ಐಶ್ವರ್ಯಗ ಹೂಂ ಅಂದ್ರ ನಮ್ಮಾಕಿನೂ ಭೂಗೋಳಕ್ಕ ಹಚ್ಚತೀನಿ, ಊಹೂಂ ಅಂದ್ರ ಬ್ಯಾಡ. ಸೋಮವಾರ ಅಡ್ಮಿಷನ್ ಮುಗೀತೈತಿ, ಆ ಸಾಹೇಬ್ರಿಗೆ ಜಲ್ದಿ ಹೇಳಾಕ ಹೇಳ್ರಿ.”