ಫೂರ್ನಿಯೆ ಮನೆತನದ ಮೂಲ

೯ ಫೆಬ್ರುವರಿ ೧೯೧೩, ಐತವಾರ. ಬೀದರ.

ಆ ಕಾಗದವನ್ನು ಇವತ್ತೇ ಕೊಡಬಾರದಿತ್ತು ಎಂದು ಮಧ್ಯಾಹ್ನವೆಲ್ಲ ಕೊರೆಯುತ್ತಿತ್ತು. ನಮ್ಮ ಮಿಷನ್ ಸಾಲೆಯ ಶಿಕ್ಷಕಿ ಎಲಿಜಬೆತಬಾಯಿ ಫೂರ್ನಿಯೆ ಅವರ ಮಗಳನ್ನು ನೋಡಲು ಭಾಲ್ಕಿಯ ವರನ ಕಡೆಯವರು ಬರುವ ದಿನ ಇದು.

ಬಾಯಿಯವರ ಗಂಡನ ಮುತ್ತಜ್ಜ ನಿಜಾಮರ ಫ್ರೆಂಚ್ ಫೌಜಿನ ಕಪ್ತಾನ ಎಂದು ಊರೆಲ್ಲ ನಂಬಿದೆ. ಸಿಕಂದರಾಬಾದಿನ ಫ್ರೆಂಚ್ ಪಾದ್ರಿಗೆ ನಾನೇ ಬರೆದು ಕೇಳಿದ್ದೆ; ಅವರ ಉತ್ತರದ ಕಾಗದವನ್ನು ಇವತ್ತು ಬೆಳಿಗ್ಗೆ ಬಾಯಿಯವರ ಕೈಗೆ ಕೊಟ್ಟೆ. ಹಳೆಯ ಪಟ್ಟಿಯಲ್ಲಿ ಆತ ಫೌಜಿಗೆ ರೊಟ್ಟಿ ಸುಡುವವನು. ಫೂರ್ನಿಯೆ ಎಂಬ ಅಡ್ಡಹೆಸರೂ ಆ ಭಟ್ಟಿಯ ಕೆಲಸದಿಂದಲೇ ಬಂದದ್ದಂತೆ. ನಮ್ಮಲ್ಲಿ ಕಂಬಾರ, ಬಡಿಗೇರ ಇದ್ದಂತೆ.

ವರನ ತಂದೆ ಯೇಸುದಾಸಪ್ಪ ಕೂತವರೇ, “ಕಪ್ತಾನರ ಮನಿ ಸಂಬಂಧ ಅಂತ ನಮ್ಮ ಓಣ್ಯಾಗೆಲ್ಲ ಹೇಳೀವ್ರಿ” ಎಂದರು.



“ಕಪ್ತಾನ ಅಲ್ರಿ ಅಣ್ಣಾವ್ರ. ಭಟ್ಟ್ಯಾಗ ರೊಟ್ಟಿ ಸುಡಾಂವ. ಇವತ್ತೇ ಕಾಗದ ಕೈಗೆ ಬಂತು,” ಎಂದರು ಬಾಯಿ.

“ಮುಚ್ಚಿಟ್ಟಿದ್ರ ನಮಗ ಹ್ಯಾಂಗ ಗೊತ್ತಾಗ್ತಿತ್ರಿ?”

“ಗೊತ್ತಾಗ್ತಿದ್ದಿಲ್ರಿ. ಅದಕ್ಕ ಹೇಳ್ದೆ.”

ಮನೆಯ ಬೈಬಲಿನ ಮೊದಲ ಪುಟದಲ್ಲಿ ಹಿರಿಯರ ಹೆಸರುಗಳಿವೆ. ಬಾಯಿ ಅದನ್ನು ತೆರೆದು, ನನ್ನ ಲೇಖಣಿ ಇಸಕೊಂಡು, ಮಾವನ ಕೈಬರಹದ ‘ಕಪ್ತಾನ’ ಹೊಡೆದುಹಾಕಿ ‘ರೊಟ್ಟಿಯವನು’ ಎಂದು ಬರೆದರು.

ಯೇಸುದಾಸಪ್ಪ ಬೈಬಲನ್ನು ತಮ್ಮತ್ತ ತಿರುಗಿಸಿಕೊಂಡು ಆ ಸಾಲು ಓದಿದರು. ಆಮೇಲೆ, “ಓಣ್ಯಾಗ ಮಂದಿ ನಗ್ತಾರ, ನಗ್ಲಿ. ಮನ್ಯಾಗ ಸಕ್ಕರಿ ಅದ ಏನ್ರಿ ತಂಗಿ?” ಎಂದರು.

ಸಂಬಂಧ ಗಟ್ಟಿಯಾಗಿ, ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಪತ್ರಿಕೆ ಓದಿ ಬೆಳೆದ ನಾನು ನಿಜದ ಬಗ್ಗೆ ಬಹಳ ಮಾತಾಡುತ್ತೇನೆ. ಆ ಕಾಗದ ನನ್ನ ಮನೆಯದಾಗಿದ್ದರೆ, ಮಗಳ ಮದುವೆ ಮುಗಿಯುವ ತನಕ ನಾನು ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿರಲಿಲ್ಲ.