ಎರಡು ಟಿಬಿ ಜಾಗ

ನುಂಗಂಬಾಕ್ಕಂ,
ಸೋಮವಾರ

ಸೂರಜನಿಗೆ ಆಶೀರ್ವಾದ.

ಲ್ಯಾಪ್‌ಟಾಪ್ ಅಂಗಡಿಯ ಹುಡುಗಿ ನಿನ್ನೆ ನನಗೇ ಫೋನ್ ಮಾಡಿದಳು. ಆರ್ಡರಿನಲ್ಲಿ ನೀನು ನಮ್ಮ ಹೋಟೆಲಿನ ನಂಬರ್ ಕೊಟ್ಟಿದ್ದೆಯಲ್ಲ. ನನ್ನನ್ನೇ ನೀನೆಂದುಕೊಂಡು, "ಸಾರ್, ನಿಮ್ಮ ಪೆರುಂಗುಡಿ ಹೋಟೆಲಿನ ತ್ರೀಡಿ ಡ್ರಾಯಿಂಗಿಗೆ ಎಂಟು ಜಿಬಿ ಗ್ರಾಫಿಕ್ಸ್ ಸಾಕು. ಅಡುಗೆ ವೀಡಿಯೊಗಳಿಗೆ ಸ್ಟೋರೇಜ್ ಒಂದು ಟಿಬಿಯೋ ಎರಡೋ?" ಎಂದಳು.

ಪೆರುಂಗುಡಿಯಲ್ಲಿ ನಮಗೆ ಹೋಟೆಲಿಲ್ಲ.

ನಮ್ಮ ಕೌಂಟರಿಗೆಂದು ನೀನು ಈ ಲ್ಯಾಪ್‌ಟಾಪ್ ಕೇಳಿದ ದಿನ, ಬರೀ ಬಿಲ್ ಹಾಕಲು ಗ್ರಾಫಿಕ್ಸ್ ಕಾರ್ಡ್ ಯಾಕೋ ಎಂದು ನಾನು ಕೇಳಿದಾಗ, "ಇಲ್ಲದಿದ್ರೆ ಹ್ಯಾಂಗ್ ಆಗ್ತದೆ ಭಾವ" ಎಂದಿದ್ದೆ. ಇಡ್ಲಿ ಬಿಲ್ಲಿಗೆ ಸುಸ್ತಾಗುವ ಯಂತ್ರವನ್ನು ನಾನು ಕಂಡಿಲ್ಲ. ಆದರೂ ಹೂಂ ಎಂದೆ. ಹದಿನಾಲ್ಕು ವರ್ಷ ನಮ್ಮ ಕೌಂಟರಿನಲ್ಲಿ ಕೂತವನು ನೀನು.

ನಮ್ಮ ಸಾಂಬಾರ್ ಪುಡಿಯ ಅಳತೆಯನ್ನು ಯಾರೂ ಬರೆದಿಟ್ಟಿಲ್ಲ. ಅದು ನಿನ್ನ ಅಕ್ಕ ರತ್ನಾವತಿಯ ಕೈಯಲ್ಲಿದೆ, ನಾನೂ ಕೇಳಿದವನಲ್ಲ. ನೆನಪಿಗಿರಲಿ ಎಂದು ನೀನು ವೀಡಿಯೊ ಮಾಡುವಾಗ, ಕೊತ್ತಂಬರಿಯ ಒಂದೊಂದು ಹಿಡಿಯನ್ನೂ ನಿಧಾನವಾಗಿ ಎತ್ತಿ ತೋರಿಸಿದಳು.

ಹುಡುಗಿಗೆ ಎರಡು ಟಿಬಿ ಎಂದೇ ಹೇಳಿದ್ದೇನೆ. ಲ್ಯಾಪ್‌ಟಾಪ್ ನೀನು ಕೊಟ್ಟ ಪೆರುಂಗುಡಿ ವಿಳಾಸಕ್ಕೇ ಬರುತ್ತದೆ. ಕೌಂಟರಿನ ಬೀಗದ ಕೈಯನ್ನು ನನಗೇ ಮುಟ್ಟಿಸು. ನಿನ್ನ ಅಕ್ಕನಿಗೆ ನಾನಿನ್ನೂ ಏನೂ ಹೇಳಿಲ್ಲ.

ಇನ್ನೊಂದು ಕೆಲಸವಿದೆ. ವೀಡಿಯೊದ ನಡುವೆ ಅವಳು ಕೈ ನಿಲ್ಲಿಸಿ, "ಸೂರಜ, ನಿಂದು ಊಟ ಆಯ್ತಾ?" ಎಂದು ಕೇಳುತ್ತಾಳೆ. ಅಷ್ಟನ್ನು ಮಾತ್ರ ಕತ್ತರಿಸಿ ನನಗೆ ಕಳಿಸು. ನಿನ್ನ ಹೋಟೆಲಿಗೆ ಅದು ಬೇಕಾಗುವುದಿಲ್ಲ.

ಇಂತು ನಿನ್ನ ಭಾವ,
ವಿಷ್ಣುಮೂರ್ತಿ