ಜನರಲ್ ಕುಡಿದ ಕಾಫಿ

ಕಾರ್ಪೆನಿಸಿ,
ಅಕ್ಟೋಬರ್ 8, 1974

ಮುದ್ದಿನ ಇಸ್ಮಿನಿ,

ಹೇಗಿದ್ದೀಯ ಮಗಳೇ? ಸ್ಟಾಕ್‌ಹೋಮ್‌ನಲ್ಲಿ ಆಗಲೇ ಚಳಿ ಹಿಡಿದಿರಬೇಕು. ನಾನು ಹೆಣೆದು ಕಳಿಸಿದ ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯಲ್ಲಿಟ್ಟು ಕೆಮ್ಮುತ್ತಿದ್ದೀಯೋ? ನನ್ನ ಮಂಡಿನೋವು ಹಾಗೇ ಇದೆ. ಅಪ್ಪನ ರಕ್ತದೊತ್ತಡ ಮೊನ್ನೆ ಭಾನುವಾರದಿಂದ ಏರಿದೆ. ಗಾಬರಿಯಾಗಬೇಡ, ಕಾರಣ ಕೇಳಿದರೆ ನಗುತ್ತೀಯ.

ಕರ್ನಲ್‌ಗಳು ಬಿದ್ದಮೇಲೆ ಬಂದ ಹೊಸ ಸರ್ಕಾರದ ಆದೇಶ ಕೈಸೇರಿತು. ನಿನ್ನಪ್ಪ ಈಗ ಲೆಫ್ಟಿನೆಂಟ್ ಜನರಲ್ ಲಿಕೂರ್ಗೋಸ್ ಡಾಲಿಯಾನಿಸ್. ಸೇನೆಯಿಂದ ಹೊರಗಿಟ್ಟಿದ್ದ ಏಳು ವರ್ಷವೂ ಸೇವೆಗೆ ಸೇರಿತು. ಕುರಿ ಕಾಯುವವರ ಮನೆಯ ಹುಡುಗ; ಅಲ್ಬೇನಿಯಾದ ಹಿಮದಲ್ಲಿ ಇಟಲಿಯವರ ವಿರುದ್ಧ ಫಿರಂಗಿಯನ್ನು ಬಿಡಿಬಿಡಿಯಾಗಿ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಶಿಖರ ಹತ್ತಿದ ಲೆಫ್ಟಿನೆಂಟ್; ಆಮೇಲೆ ಈಜಿಪ್ಟಿನ ಮರಳು, ಇಟಲಿಯ ಕೆಸರು. ಪದಕಗಳೆಲ್ಲ ಆ ಜಾಗಗಳ ಕಾಳಗಕ್ಕೆ ಬಂದವು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಯುದ್ಧ ನಡೆದದ್ದು ಅಥೆನ್ಸಿನ ಒಂದು ಕೋಣೆಯಲ್ಲಿ. ಅರವತ್ತೇಳರ ಆ ಏಪ್ರಿಲ್ ಬೆಳಿಗ್ಗೆ ಬೀದಿಯಲ್ಲಿ ಟ್ಯಾಂಕುಗಳು ನಿಂತಿದ್ದಾಗ, ಕರ್ನಲ್‌ಗಳು ಹೊಸ ಆಡಳಿತಕ್ಕೆ ನಿಷ್ಠೆಯ ಪತ್ರ ಮುಂದಿಟ್ಟರು. "ನನ್ನ ಕೈಕೆಳಗಿನವರು ನನ್ನಿಂದ ಆಣೆ ಮಾಡಿಸ್ತೀರಾ? ಮೊದಲು ಸೆಲ್ಯೂಟ್ ಹೊಡೀರಿ" ಅಂದರಂತೆ ಅಪ್ಪ. ಅಭ್ಯಾಸಬಲ, ಒಬ್ಬ ಹೊಡೆದೇಬಿಟ್ಟನಂತೆ! ಆ ಸೆಲ್ಯೂಟಿನ ಬೆಲೆಯಾಗಿ ಅಪ್ಪನಿಗೆ ದ್ವೀಪದಲ್ಲಿ ಸೆರೆವಾಸ ಆಯಿತು.

ದ್ವೀಪದಿಂದ ಬಂದಮೇಲೆ ಅಪ್ಪ ಸ್ಪಿಲಿಯೋಸನ ಕಾಫಿ ಅಂಗಡಿಗೆ ಕಾಲಿಟ್ಟಿರಲಿಲ್ಲ. ಅವರ ಜೊತೆ ಕೂತವರನ್ನು ಪೊಲೀಸರು ಠಾಣೆಗೆ ಕರೆಸುತ್ತಿದ್ದರು. "ಅವರ ಮನೆಗೆ ನಾನ್ಯಾಕೆ ಪೊಲೀಸರನ್ನ ಕಳಿಸ್ಲಿ?" ಎಂದು ಮನೆಯ ಕಿಟಕಿ ಪಕ್ಕ ಒಬ್ಬರೇ ಕಾಫಿ ಕುಡಿಯುತ್ತಿದ್ದರು. ಮೊನ್ನೆ ಚರ್ಚಿನಿಂದ ನೇರ ಅಲ್ಲಿಗೇ ನಡೆದರು. ನಾನು ಎದುರಿನ ಬೇಕರಿಯಲ್ಲಿ ನಿಂತು ನೋಡುತ್ತಿದ್ದೆ. ಅಂಗಡಿಯ ಬಾಗಿಲು ತೆರೆದೇ ಇತ್ತು, ಮಾತೆಲ್ಲ ಕೇಳಿಸುತ್ತಿತ್ತು. ಇಸ್ಪೀಟೆಲೆ ಕೆಳಗಿಟ್ಟು ಎಲ್ಲರೂ ಎದ್ದು ನಿಂತರು. ಸ್ಪಿಲಿಯೋಸ್ ಕಣ್ಣೊರೆಸಿಕೊಂಡು, "ನಿಮ್ಮ ಕುರ್ಚೀಲಿ ಜೇಡ ಸಂಸಾರ ಹೂಡಿದೆ ಜನರಲ್, ಕೂತು ಓಡ್ಸಿ" ಎಂದ. ಆಮೇಲೆ ಒಂದೊಂದು ಮೇಜಿನಿಂದಲೂ ಒಂದೊಂದು ಕಾಫಿ. ಬೇಡವೆಂದರೆ ಕಳಿಸಿದವನ ಮುಖಕ್ಕೆ ಉಗಿದಂತೆ, ನಿನಗೆ ಗೊತ್ತಲ್ಲ. ಅಪ್ಪ ಒಂದನ್ನೂ ಬಿಡದೆ ಕುಡಿದರು. ಬೇಕರಿಯ ಗರಿಫಲಿಯಾ ನನ್ನ ತೋಳು ತಿವಿದು, "ಅಯ್ಯೋ ಪೊಲಿಕ್ಸೆನಿ, ಇಟಲಿಯೋರು ಉಳಿಸಿದ ಜೀವಾನ ನಮ್ಮೋರು ಕಾಫಿ ಕುಡಿಸಿ ತೆಗೀತಾರೆ ಕಣೇ!" ಎಂದಳು.

ಕೊನೆಗೊಂದು ಕಪ್ಪು ಬಂತು. ಸ್ಪಿಲಿಯೋಸ್ ಹೆಸರು ಹೇಳಲಿಲ್ಲ. "ಮೂಲೆಯಿಂದ" ಎಂದಷ್ಟೇ ಹೇಳಿದ. ಮೂಲೆಯಲ್ಲಿ ಕೂತಿದ್ದವನು ನಿನ್ನ ಸೊತಿರಿಸ್ ಚಿಕ್ಕಪ್ಪ. ಹೆಡ್‌ಮಾಸ್ತರಿಕೆ ಉಳಿಸಿಕೊಳ್ಳಲು 'ಲಿಕೂರ್ಗೋಸ್ ನನ್ನ ಅಣ್ಣನಲ್ಲ' ಎಂದು ಪತ್ರಿಕೆಯಲ್ಲಿ ಹಾಕಿಸಿದವನು. ಅವನ ನೆರಳು ಬಿದ್ದ ಮನೆಗೆ ಬರುವುದಿಲ್ಲವೆಂದು ನೀನು ಬರೆದಾಗ ನಾನು ಎದುರಾಡಲಿಲ್ಲ. ನನಗೂ ಹಾಗೇ ಅನ್ನಿಸಿತ್ತು. ಅಪ್ಪ ಆ ಕಪ್ಪನ್ನು ದೂಡಿದ್ದರೆ ಅವನು ಊರು ಬಿಡಬೇಕಿತ್ತು. ಅಪ್ಪ ಕಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಪರೇಡಿನ ಗಂಟಲಲ್ಲಿ, "ಲೋ ಸೊತಿರಿಸ್, ದೂರದಿಂದ ಕಳಿಸಿದ ಕಾಫಿ ತಣ್ಣಗಾಗುತ್ತೆ. ಬಿಸಿ ಮಾಡಿಸ್ಕೊಂಡು ನೀನೇ ತಂದ್ಕೊಡು" ಎಂದರು. ಅವನು ತಂದ. ಅರ್ಧ ಬಸಿಯಲ್ಲೇ ಚೆಲ್ಲಿತ್ತು. ಅಪ್ಪ ಚೆಲ್ಲಿದ್ದನ್ನೂ ಕಪ್ಪಿಗೆ ಬಗ್ಗಿಸಿ, ತಳದ ಗಷ್ಟಿನವರೆಗೂ ಕುಡಿದರು. ಇಡೀ ಚೌಕ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ.

ಮನೆಗೆ ಬಂದಮೇಲೆ ಯಾಕೆ ಹಾಗೆ ಮಾಡಿದಿರೆಂದು ಕೇಳಿದೆ. "ಅವನನ್ನ ಬಗ್ಗಿಸಿದವರು ಸೋತರು. ಗೆದ್ದಮೇಲೆ ಖೈದಿಗಳನ್ನ ಮನೆಗೆ ಕಳಿಸ್ಬೇಕು ಕಣೇ" ಎಂದು ಬೂಟು ಬಿಚ್ಚಿದರು. ಅವತ್ತು ನಿದ್ದೆ ಮಾತ್ರ ಅವರ ಹತ್ತಿರ ಸುಳಿಯಲಿಲ್ಲ!

ಕನ್ಯೆ ಮರಿಯಮ್ಮ ನಿನ್ನನ್ನು ಕಾಯಲಿ. ಅಪ್ಪ ನಿನ್ನ ಹಣೆಗೆ ಮುತ್ತಿಟ್ಟಿದ್ದಾರೆ.

ನಿನ್ನ ಅಮ್ಮ,
ಪೊಲಿಕ್ಸೆನಿ

ಮರೆತಿದ್ದೆ: ಕರ್ನಲ್‌ಗಳು ತಡೆಹಿಡಿದಿದ್ದ ನಿನ್ನ ಪಾಸ್‌ಪೋರ್ಟ್ ಈಗ ಕೊಡುತ್ತಾರೆ, ರಾಯಭಾರ ಕಚೇರಿಗೆ ಹೋಗು. ಈ ತಿಂಗಳ ಇಪ್ಪತ್ತೆಂಟರ ರಾಷ್ಟ್ರೀಯ ದಿನದ ಪರೇಡಿನಲ್ಲಿ ವಂದನೆ ಸ್ವೀಕರಿಸುವವರು ಅಪ್ಪ, ಅಷ್ಟರೊಳಗೆ ಬಾ. ನಿನ್ನನ್ನು ಕರೆತರಲು ಅಥೆನ್ಸಿಗೆ ಕಾರು ಕಳಿಸುತ್ತೇವೆಂದು ಸೇನೆಯವರು ಹೇಳಿದರು, ಅಪ್ಪ ಬೇಡವೆಂದರು. ವಿಮಾನ ನಿಲ್ದಾಣಕ್ಕೆ ಬರುವುದು ಚಿಕ್ಕಪ್ಪ. ಮುಖ ತಿರುಗಿಸಬೇಡ ಮಗಳೇ. ನಿನ್ನ ಪೆಟ್ಟಿಗೆ ಅವನ ಕೈಗೆ ಕೊಡು, ಅಷ್ಟು ಸಾಕು. ಮಾತು ಆಮೇಲೆ, ದಾರಿ ಉದ್ದವಿದೆ.